ಗಡುವು ದಾಟಿದ ಗುರಿ

ಕ್ಷಯರೋಗವನ್ನು 2025ನೆಯ ಇಸವಿಯೊಳಗೆ ನಮ್ಮ ದೇಶದಿಂದ ತೊಲಗಿಸುವುದಾಗಿ ಕೇಂದ್ರ ಸರಕಾರವು ಸಾರಿತ್ತು. 2017ರ ಮುಂಗಡಪತ್ರದ ಭಾಷಣದಲ್ಲಿ ಈ ಮಾತು ಬಂದಿತು. 2018ರ ಮಾರ್ಚ್ ತಿಂಗಳಲ್ಲಿ ದಿಲ್ಲಿಯಲ್ಲಿ ಕೂಡಿದ ಸಮ್ಮೇಳನದಲ್ಲಿ, ಜಗತ್ತು 2030ಕ್ಕೆಂದು ಇಟ್ಟುಕೊಂಡ ಗುರಿಯನ್ನು ಭಾರತವು ಐದು ವರ್ಷ ಮೊದಲೇ ಮುಟ್ಟುವುದೆಂದು ಪ್ರಧಾನಮಂತ್ರಿಗಳು ಘೋಷಿಸಿದರು. ಆ 2025 ಬಂದಿತು, ಹೋಯಿತು. ಕ್ಷಯ ಮಾತ್ರ ಹೋಗಲಿಲ್ಲ.

ಲೆಕ್ಕವನ್ನೇ ನೋಡೋಣ. 2015ರಲ್ಲಿ ಲಕ್ಷ ಜನರಿಗೆ ವರ್ಷಕ್ಕೆ 217 ಹೊಸ ರೋಗಿಗಳೆಂದು ಎಣಿಸಿ, ಅದನ್ನು 2025ಕ್ಕೆ 44ಕ್ಕೆ ಇಳಿಸಬೇಕೆಂದು ಸರಕಾರದ ಯೋಜನೆಯಲ್ಲಿ ಬರೆಯಲಾಗಿತ್ತು. ಸಾವು ಲಕ್ಷಕ್ಕೆ 32ರಿಂದ 3ಕ್ಕೆ ಇಳಿಯಬೇಕಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2025ರ ನವೆಂಬರದಲ್ಲಿ ಹೊರತಂದ ವರದಿಯಂತೆ 2024ರಲ್ಲಿ ಭಾರತದಲ್ಲಿ ಲಕ್ಷಕ್ಕೆ 187 ಹೊಸ ರೋಗಿಗಳು, 21 ಸಾವುಗಳು. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬ ಇಂದಿಗೂ ಭಾರತೀಯನೇ.

ಇದನ್ನು ಹೇಳುವಾಗ ನಮಗೆ ಯಾರನ್ನೂ ಹೀಯಾಳಿಸುವ ಮನಸ್ಸಿಲ್ಲ. 2015ರಿಂದ 2024ರವರೆಗೆ ಹೊಸ ರೋಗಿಗಳ ಪ್ರಮಾಣವು ನೂರಕ್ಕೆ 21ರಷ್ಟು ತಗ್ಗಿದೆ. ಇದೇ ಅವಧಿಯಲ್ಲಿ ಇಡೀ ಜಗತ್ತಿನಲ್ಲಿ ತಗ್ಗಿದ್ದು ನೂರಕ್ಕೆ 12 ಮಾತ್ರ. ಇದು ಸಾವಿರಾರು ಮಂದಿ ದಾದಿಯರ, ಆಶಾ ಕಾರ್ಯಕರ್ತೆಯರ, ಕಫ ಪರೀಕ್ಷೆ ಮಾಡುವವರ ದುಡಿಮೆಯ ಫಲ. ಆದರೆ ಹೇಳಿದ ಗುರಿಗೂ ಮುಟ್ಟಿದ ಜಾಗಕ್ಕೂ ನಡುವೆ ಇಷ್ಟು ದೊಡ್ಡ ಕಂದರ ಹೇಗೆ ಬಿದ್ದಿತು? ದೇಶದ ಆರೋಗ್ಯದ ಗುರಿಗಳನ್ನು ಯಾರು ಇಡುತ್ತಾರೆ, ಹೇಗೆ ಇಡುತ್ತಾರೆ, ಮುಟ್ಟದೆ ಹೋದಾಗ ಏನು ಮಾಡುತ್ತಾರೆ? ದುಡಿಯುವ ಜನರು ಈ ವಿಚಾರವನ್ನು ತಿಳಿದಿರಬೇಕೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಗುರಿ ತಪ್ಪಿದಾಗ ಅದರ ಪೆಟ್ಟು ಬೀಳುವುದು ನಮ್ಮ ಚಾಳಿನ ಖೋಲಿಗಳ ಮೇಲೆ, ನಮ್ಮ ಹೋಟೆಲುಗಳ ಮಾಳಿಗೆಗಳ ಮೇಲೆ.

ನಮ್ಮದೇ ಒಂದು ಮಾತು

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ಸದಸ್ಯನೊಬ್ಬ ಒಂದು ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ದುಡಿಯುತ್ತಿದ್ದ. ಹೋಟೆಲಿನ ಹೆಸರೂ ಬೇಡ, ಅವನ ಹೆಸರೂ ಬೇಡ. ಕೆಮ್ಮು ಹಿಡಿದು ಎರಡು ತಿಂಗಳಾದರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋದೀತು. ಕೆಲಸದೊಂದಿಗೆ ಊಟವೂ ಹೋದೀತು, ಮಲಗುವ ಜಾಗವೂ ಹೋದೀತು. ಔಷಧದ ಅಂಗಡಿಯಿಂದ ಕೆಮ್ಮಿನ ಸೀಸೆ ತಂದು ಕುಡಿದ. ರಾತ್ರಿ ಅಡುಗೆಮನೆಯ ಮೇಲಣ ಮಾಳಿಗೆಯಲ್ಲಿ, ಕಿಟಕಿಯಿಲ್ಲದ ಜಾಗದಲ್ಲಿ, ಒಂಬತ್ತು ಮಂದಿಯ ಸಾಲಿನಲ್ಲಿ ಅವನೂ ಮಲಗುತ್ತಿದ್ದ.

ಒಂದು ದಿನ ಕಫದಲ್ಲಿ ರಕ್ತ ಕಂಡಿತು. ಧನಿಗಳು ಅಂದಿನವರೆಗಿನ ಸಂಬಳ ಲೆಕ್ಕಮಾಡಿ ಕೈಗೆ ಕೊಟ್ಟರು. ಊರಿನ ಬಸ್ಸಿನ ಖರ್ಚಿಗೆಂದು ಚಂದಾ ಎತ್ತಿದವರು ನಾವೇ. ಹುಡುಗನನ್ನು ಅವನ ತಾಯಿಯ ಬಳಿಗೆ ಕಳುಹಿಸಿದೆವು, ಪುಣ್ಯದ ಕೆಲಸವಾಯಿತು ಎಂದುಕೊಂಡೆವು. ಊರಿನಲ್ಲಿ ಮದ್ದು ಸುರುವಾಯಿತು. ಎರಡು ತಿಂಗಳಲ್ಲಿ ಕೆಮ್ಮು ನಿಂತಿತು, ಮೈ ತುಂಬಿತು. ಗುಣವಾಯಿತೆಂದು ಬಗೆದು ಮದ್ದು ಬಿಟ್ಟು ಮತ್ತೆ ಮುಂಬಯಿಗೆ ಬಂದ. ಬೇರೊಂದು ಹೋಟೆಲಿಗೆ ಸೇರಿದ. ಎರಡನೆಯ ಸಲ ಬಂದ ರೋಗವು ಮೊದಲಿನ ಮದ್ದಿಗೆ ಬಗ್ಗಲಿಲ್ಲ. ಆತ ಇಂದು ನಮ್ಮೊಂದಿಗಿಲ್ಲ. ಅವನ ಜೊತೆಗೆ ಮಲಗುತ್ತಿದ್ದ ಒಂಬತ್ತರಲ್ಲಿ ಇಬ್ಬರಿಗೆ ಆಮೇಲೆ ರೋಗ ಕಂಡಿತು. ಉಳಿದವರನ್ನು ಪರೀಕ್ಷಿಸಬೇಕೆಂಬುದು ಆ ದಿನ ಧನಿಗಳಿಗೂ ತೋಚಲಿಲ್ಲ, ನಮಗೂ ತೋಚಲಿಲ್ಲ.

ಊರಿನ ದಾಖಲೆಯಲ್ಲಿ ಅವನು ಮದ್ದು ಬಿಟ್ಟವನು. ಮುಂಬಯಿಯ ದಾಖಲೆಯಲ್ಲಿ ಅವನು ಹೊಸಬನು. ದಿಲ್ಲಿಯಲ್ಲಿ ಇಟ್ಟ ಗುರಿಯು ಅವನ ಮಟ್ಟಿಗೆ ತಪ್ಪಿದ್ದು ಆ ಮಾಳಿಗೆಯಲ್ಲಿ. ಮತ್ತೆ ತಪ್ಪಿದ್ದು ನಾವು ಹತ್ತಿಸಿದ ಬಸ್ಸಿನಲ್ಲಿ. ಇದನ್ನು ಮುಚ್ಚಿಟ್ಟು ಸರಕಾರಕ್ಕೆ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ. ಆದುದರಿಂದ ಮೊದಲೇ ಹೇಳಿಬಿಟ್ಟೆವು.

ಹಿಗ್ಗಿದ ಗುರಿ, ಕುಗ್ಗಿದ ಗುರಿ

ನಮ್ಮ ದೇಶಕ್ಕೆ ಆರೋಗ್ಯದ ಒಂದು ದೊಡ್ಡ ಗುರಿಯನ್ನು ಮೊದಲು ಬರೆದಿಟ್ಟದ್ದು ಭೋರ್ ಸಮಿತಿ. 1943ರಲ್ಲಿ ನೇಮಕಗೊಂಡ ಈ ಸಮಿತಿಯು 1946ರಲ್ಲಿ, ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆ, ತನ್ನ ವರದಿಯನ್ನು ಒಪ್ಪಿಸಿತು. ಹಣ ಕೊಡಲಾರದ ಕಾರಣಕ್ಕಾಗಿ ಯಾರಿಗೂ ಚಿಕಿತ್ಸೆ ತಪ್ಪಬಾರದೆಂಬುದು ಅದರ ಮೂಲತತ್ತ್ವ. ದೇಶದಲ್ಲಿ ಸುಮಾರು 25 ಲಕ್ಷ ಕ್ಷಯರೋಗಿಗಳಿದ್ದಾರೆ, ವರ್ಷಕ್ಕೆ ಸುಮಾರು 5 ಲಕ್ಷ ಮಂದಿ ಸಾಯುತ್ತಾರೆ, ಅವರಿಗಾಗಿ ಇರುವ ಹಾಸಿಗೆಗಳು ಸುಮಾರು 6,000 ಎಂದು ಆ ಸಮಿತಿ ಲೆಕ್ಕ ಹಾಕಿತ್ತು. ಹತ್ತರಿಂದ ಇಪ್ಪತ್ತು ಸಾವಿರ ಜನರಿಗೆ 75 ಹಾಸಿಗೆಗಳ ಒಂದು ಆಸ್ಪತ್ರೆ ಇರಬೇಕೆಂಬುದು ಅದರ ದೂರದ ಗುರಿ. ಸದ್ಯಕ್ಕೆ ನಲವತ್ತು ಸಾವಿರ ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೂ ಇರಲಿ ಎಂಬುದು ಹತ್ತಿರದ ಗುರಿ.

ಆಮೇಲೆ ಆದುದೇನು? 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಬಂದಾಗ ಬ್ಲಾಕಿಗೊಂದು ಕೇಂದ್ರವೆಂದಾಯಿತು. ಒಂದು ಬ್ಲಾಕಿನಲ್ಲಿ ಅರುವತ್ತು ಸಾವಿರದಿಂದ ಲಕ್ಷದವರೆಗೂ ಜನರಿರುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯಂತೆ ಗುರಿ ಕುಗ್ಗಿತು. ಕುಗ್ಗಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಹೊಸ ದೇಶದ ಬೊಕ್ಕಸ ಬರಿದಾಗಿತ್ತು. ಆದರೆ ತಾತ್ಕಾಲಿಕವೆಂದು ಕುಗ್ಗಿಸಿದ ಗುರಿಯೇ ಕಾಲಾನುಕಾಲಕ್ಕೆ ಕಾಯಂ ಆಗಿ ಕೂತಿತು. 75 ಹಾಸಿಗೆಗಳ ಮಾತು ಇಂದು ಯಾರಿಗೂ ನೆನಪಿಲ್ಲ.

ಇನ್ನೊಂದು ಪಾಠ ಮಲೇರಿಯದ್ದು. 1953ರಲ್ಲಿ ಮಲೇರಿಯವನ್ನು ಹತೋಟಿಗೆ ತರುವ ಕಾರ್ಯಕ್ರಮ ಆರಂಭವಾಯಿತು. ಆಗ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಈ ಜ್ವರ ಬರುತ್ತಿತ್ತೆಂದೂ ಎಂಟು ಲಕ್ಷ ಮಂದಿ ಸಾಯುತ್ತಿದ್ದರೆಂದೂ ಅಂದಾಜು. ಡಿ.ಡಿ.ಟಿ. ಹೊಡೆದುದರ ಫಲ ಕಣ್ಣಿಗೆ ಹೊಡೆಯುವಂತಿತ್ತು. ಆ ಉತ್ಸಾಹದಲ್ಲಿ 1958ರಲ್ಲಿ 'ಹತೋಟಿ' ಹೋಗಿ 'ನಿರ್ಮೂಲನ' ಎಂಬ ಹೆಸರು ಬಂತು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದು ಕೈ ಸಡಿಲವಾಯಿತು. ಸೊಳ್ಳೆಗಳು ಡಿ.ಡಿ.ಟಿ.ಗೆ ಒಗ್ಗಿಕೊಂಡವು, ಗೆದ್ದುದನ್ನು ಕಾಯ್ದುಕೊಳ್ಳಲು ಹಳ್ಳಿಹಳ್ಳಿಗಳಲ್ಲಿ ಬೇಕಾದ ಆರೋಗ್ಯ ಕೇಂದ್ರಗಳು ಇರಲೇ ಇಲ್ಲ. 1976ರಲ್ಲಿ ರೋಗಿಗಳು 64 ಲಕ್ಷ. 1977ರಲ್ಲಿ ಮತ್ತೆ ಯೋಜನೆ ಬದಲಾಯಿಸಿ, ಸಾವು ತಪ್ಪಿಸುವುದು, ರೋಗ ತಗ್ಗಿಸುವುದು ಎಂಬ ಚಿಕ್ಕ ಗುರಿಗೆ ಹಿಂತಿರುಗಬೇಕಾಯಿತು. ಅಂದು ಕುಗ್ಗಿಸಿದ ಆರೋಗ್ಯ ಕೇಂದ್ರದ ಗುರಿಯು ಇಂದು ಹಿಗ್ಗಿಸಿದ ಮಲೇರಿಯದ ಗುರಿಯನ್ನು ಕೆಡವಿತು. ಗುರಿಗಳು ಒಂದಕ್ಕೊಂದು ಕಟ್ಟಿಕೊಂಡಿರುತ್ತವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಗುರಿಯ ದಾರಿಯನ್ನು ಬದಲಿಸುವುದು ಯಾವಾಗಲೂ ಸೋಲಿನ ಗುರುತಲ್ಲ. ಸಿಡುಬಿನ ವಿಚಾರ ನೋಡಿ. 1962ರಲ್ಲಿ ಆರಂಭವಾದ ಕಾರ್ಯಕ್ರಮದಲ್ಲಿ ನೂರಕ್ಕೆ 80 ಜನರಿಗೆ ದೇವಿ ಹಾಕಿದರೆ ರೋಗ ತಾನಾಗಿ ಅಳಿಯುವುದೆಂದು ನಂಬಿದ್ದರು. ಕೋಟಿ ಕೋಟಿ ಜನರಿಗೆ ಹಾಕಿದರೂ ಸಿಡುಬು ಅಳಿಯಲಿಲ್ಲ. ಬಿಟ್ಟುಹೋದ ಇಪ್ಪತ್ತು ಜನರಿದ್ದುದು ಬಡವರ ಕೇರಿಗಳಲ್ಲಿ, ಅಲೆದಾಡುವ ಕೂಲಿಗಳ ನಡುವೆ. ಆಗ ತಜ್ಞರು ಲೆಕ್ಕದ ಬೆನ್ನು ಹತ್ತುವುದನ್ನು ಬಿಟ್ಟು ರೋಗಿಯ ಬೆನ್ನು ಹತ್ತಿದರು. ಮನೆಮನೆಗೆ ಹೋಗಿ ಸಿಡುಬು ಎಲ್ಲಿದೆಯೆಂದು ಹುಡುಕಿ, ಅದರ ಸುತ್ತಲಿನವರಿಗೆಲ್ಲ ದೇವಿ ಹಾಕಿ ಬೇಲಿ ಕಟ್ಟಿದರು. 1975ರ ಮೇ ತಿಂಗಳಲ್ಲಿ ಕೊನೆಯ ರೋಗಿ ಕಂಡುಬಂದಳು. 1977ರಲ್ಲಿ ಭಾರತವು ಸಿಡುಬಿನಿಂದ ಮುಕ್ತವೆಂದು ಅಂತರರಾಷ್ಟ್ರೀಯ ತಜ್ಞರು ಒಪ್ಪಿದರು. ಪೋಲಿಯೊ ಕತೆಯೂ ಹೀಗೆಯೇ. 2000ದೊಳಗೆ ಅಳಿಸುವೆವೆಂದರು, ಆಗಲಿಲ್ಲ. 2005 ಎಂದರು, ಆಗಲಿಲ್ಲ. ಆದರೆ ಗಡುವು ತಪ್ಪಿದಾಗಲೆಲ್ಲ ಎಲ್ಲಿ ತಪ್ಪಿತೆಂದು ಹುಡುಕಿದರು. ರೈಲು ನಿಲ್ದಾಣಗಳಲ್ಲಿ, ಇಟ್ಟಿಗೆ ಭಟ್ಟಿಗಳಲ್ಲಿ ಮಕ್ಕಳನ್ನು ಹಿಡಿದು ಹನಿ ಹಾಕಿದರು. 2011ರ ಜನವರಿಯಲ್ಲಿ ಕಂಡದ್ದೇ ಕೊನೆ. 2014ರ ಮಾರ್ಚ್ ತಿಂಗಳಲ್ಲಿ ಪ್ರಮಾಣಪತ್ರ ಬಂತು. ತಪ್ಪಿದ ಗಡುವಿನಿಂದ ಪಾಠ ಕಲಿತವರಿಗೆ ಗುರಿ ಸಿಕ್ಕಿತು.

ಚಾಳಿನವರಿಂದ ಕಲಿತ ಪಾಠ

ಕ್ಷಯರೋಗದ ವಿಚಾರದಲ್ಲಿಯೂ ನಮ್ಮ ದೇಶವು ಒಮ್ಮೆ ಜಗತ್ತಿಗೇ ಪಾಠ ಹೇಳಿತ್ತು. ಮೊದಲು ಕ್ಷಯಕ್ಕೆ ಮದ್ದೆಂದರೆ ಗುಡ್ಡದ ಮೇಲಿನ ಸ್ಯಾನಿಟೋರಿಯಂ, ಹಾಲು ಮೊಟ್ಟೆ, ವರ್ಷಗಟ್ಟಲೆ ವಿಶ್ರಾಂತಿ. ದಿನಗೂಲಿಯವನಿಗೆ ಇದು ಎಲ್ಲಿಂದ ಬರಬೇಕು? 1956ರಲ್ಲಿ ಮದರಾಸಿನಲ್ಲಿ ಒಂದು ಪರೀಕ್ಷೆ ಆರಂಭವಾಯಿತು. ಇಕ್ಕಟ್ಟಾದ ಮನೆಗಳಲ್ಲಿ ಅರೆಹೊಟ್ಟೆಯಲ್ಲಿ ಬದುಕುತ್ತಿದ್ದ ಬಡ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಿಟೋರಿಯಮ್ಮಿಗೆ ಕಳುಹಿಸಿದರು, ಇನ್ನೊಂದು ಪಾಲಿಗೆ ಮನೆಯಲ್ಲಿಯೇ ಮದ್ದು ಕೊಟ್ಟರು. 1959ರಲ್ಲಿ ಫಲಿತಾಂಶ ಹೊರಬಿತ್ತು. ಸರಿಯಾಗಿ ಮದ್ದು ನುಂಗಿದರೆ ಮನೆಯಲ್ಲಿದ್ದವನೂ ಸ್ಯಾನಿಟೋರಿಯಮ್ಮಿನಲ್ಲಿದ್ದವನಷ್ಟೇ ಗುಣವಾಗುತ್ತಾನೆ. ಮದ್ದು ಸುರುವಾದ ಮೇಲೆ ಅವನು ಮನೆಯಲ್ಲಿದ್ದುದರಿಂದ ಮನೆಯವರಿಗೆ ಹೆಚ್ಚಿನ ಅಪಾಯ ಬರುವುದಿಲ್ಲ. ನಮ್ಮ ಧನಿಗಳೂ ನಾವೂ ಈ ಮಾತನ್ನು ಅರಿತಿದ್ದರೆ ಆ ಹುಡುಗನಿಗೆ ಬಸ್ಸು ಹತ್ತಿಸುತ್ತಿರಲಿಲ್ಲ.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪನೆಯಾಯಿತು. ಅಲ್ಲಿನ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಹುಡುಕಿ ಮಾತನಾಡಿಸಿದರು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಆದ್ದರಿಂದ ಆಸ್ಪತ್ರೆಗೆ ಬರುವುದಿಲ್ಲವೆಂಬುದು ಅಂದಿನ ದೊಡ್ಡವರ ನಂಬಿಕೆ. ಕಂಡುಬಂದದ್ದು ಬೇರೆಯೇ. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ತಾವಾಗಿ ದವಾಖಾನೆಗೆ ಹೋಗಿ ಬಂದಿದ್ದರು. ಕೆಮ್ಮಿನ ಮದ್ದು ಕೊಟ್ಟು ಅವರನ್ನು ಹಿಂದೆ ಕಳುಹಿಸಲಾಗಿತ್ತು! ತಪ್ಪು ಬಡವನ ಅಜ್ಞಾನದ್ದಲ್ಲ, ಬಾಗಿಲಿಗೆ ಬಂದವನನ್ನು ಕಾಣದ ವ್ಯವಸ್ಥೆಯದು. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು ಇಂಥ ತಿಳಿವಿನ ತಳಹದಿಯ ಮೇಲೆ ಎದ್ದಿತು. ಕ್ಷಯಕ್ಕೆಂದು ಬೇರೆ ಅರಮನೆ ಬೇಡ, ಊರಿನ ಸಾಮಾನ್ಯ ದವಾಖಾನೆಯಲ್ಲಿಯೇ ಕಫ ಪರೀಕ್ಷೆ, ಅಲ್ಲಿಯೇ ಮದ್ದು ಎಂಬುದು ಅದರ ಸಾರ. ಇದು ಮೇಲಿನಿಂದ ಇಳಿದ ಗುರಿಯಲ್ಲ, ಬಡವನ ಮನೆಯಿಂದ ಮೇಲಕ್ಕೆ ಹೋದ ಗುರಿ.

ದುರ್ದೈವದಿಂದ ಆ ಕಾರ್ಯಕ್ರಮಕ್ಕೆ ಹಣ ಸಾಲಲಿಲ್ಲ, ಮದ್ದು ಸಮಯಕ್ಕೆ ಬರಲಿಲ್ಲ, ಅರ್ಧದಲ್ಲಿ ಬಿಟ್ಟವರನ್ನು ಕೇಳುವವರಿರಲಿಲ್ಲ. 1997ರಿಂದ ಕಾರ್ಯಕ್ರಮವನ್ನು ಪರಿಷ್ಕರಿಸಿ, ರೋಗಿಯು ಎದುರಿನಲ್ಲಿಯೇ ಮದ್ದು ನುಂಗುವ ಪದ್ಧತಿಯನ್ನು ತಂದರು. 2006ರಲ್ಲಿ ಅದು ದೇಶವನ್ನೆಲ್ಲ ವ್ಯಾಪಿಸಿತು. ಇರುವ ರೋಗಿಗಳಲ್ಲಿ ನೂರಕ್ಕೆ 70 ಮಂದಿಯನ್ನು ಹುಡುಕುವುದು, ಹುಡುಕಿದವರಲ್ಲಿ ನೂರಕ್ಕೆ 85 ಮಂದಿಯನ್ನು ಗುಣಪಡಿಸುವುದು ಆಗಿನ ಗುರಿ. ನೂರರಲ್ಲಿ ಉಳಿದ ಮೂವತ್ತು ಮಂದಿ ಯಾರು? ಸಿಡುಬಿನ ಕಾಲದ ಇಪ್ಪತ್ತು ಮಂದಿಯ ನೆಂಟರೇ ಇವರು. ಊರೂರು ಅಲೆಯುವವರು, ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸುವವರು, ವಿಳಾಸವಿಲ್ಲದವರು. ಅಂದರೆ ನಮ್ಮವರು.

ಸೇರು ಬದಲಾದರೆ

ಗುರಿಗಳು ಬದಲಾಗುವ ಇನ್ನೂ ಎರಡು ಬಗೆಗಳುಂಟು. ಅವು ಬರಿಗಣ್ಣಿಗೆ ಕಾಣುವುದಿಲ್ಲ.

ಒಂದು, ಶಬ್ದದ ಬದಲಾವಣೆ. ಕುಷ್ಠರೋಗವು ನಮ್ಮ ದೇಶದಿಂದ 'ನಿವಾರಣೆ'ಯಾಯಿತೆಂದು 2005ರ ಕೊನೆಯಲ್ಲಿ ಹೇಳಲಾಯಿತು. ಕೇಳಿದವರು ಕುಷ್ಠವೇ ಇಲ್ಲವೆಂದು ತಿಳಿದರು. ಆದರೆ ಆ ಶಬ್ದದ ಅರ್ಥ, ಹತ್ತು ಸಾವಿರ ಜನರಲ್ಲಿ ಒಬ್ಬನಿಗಿಂತ ಕಡಿಮೆ ರೋಗಿಗಳು ಎಂಬಷ್ಟೇ. 2023ರಲ್ಲಿಯೂ ನಮ್ಮ ದೇಶದಲ್ಲಿ ಲಕ್ಷಕ್ಕೂ ಮಿಕ್ಕಿ ಹೊಸ ಕುಷ್ಠರೋಗಿಗಳು ಕಂಡುಬಂದರು. ಗೆದ್ದೆವೆಂದು ಸಾರಿದ ಮೇಲೆ ಹುಡುಕುವವರು ಯಾರು? ಹಣ ಕೊಡುವವರು ಯಾರು? ಕ್ಷಯದ 'ನಿರ್ಮೂಲನ'ವೆಂದಾಗಲೂ ಸರಕಾರದ ಕಾಗದದಲ್ಲಿ ಇದ್ದುದು ಲಕ್ಷಕ್ಕೆ 44 ಎಂಬ ಅಂಕಿಯೇ ಹೊರತು ಸೊನ್ನೆಯಲ್ಲ.

ಇನ್ನೊಂದು, ಅಳತೆಯ ಬದಲಾವಣೆ. 2015ರ ಲೆಕ್ಕ ಲಕ್ಷಕ್ಕೆ 217 ಎಂದೆವಷ್ಟೆ. ಈಗಿನ ವರದಿಯಲ್ಲಿ ಅದೇ 2015ರ ಲೆಕ್ಕವನ್ನು 237 ಎಂದು ತಿದ್ದಲಾಗಿದೆ. ಇದರಲ್ಲಿ ಮೋಸವಿಲ್ಲ, ಹೊಸ ಸಮೀಕ್ಷೆಗಳಾದಾಗ ಹಳೆಯ ಅಂದಾಜನ್ನು ತಿದ್ದುವುದು ಪ್ರಾಮಾಣಿಕತೆಯೇ. ಆದರೆ ಓದುವವನು ಎಚ್ಚರದಿಂದಿರಬೇಕು. 217ರಿಂದ 187ಕ್ಕೆ ಇಳಿಯುವುದು ಬೇರೆ, 237ರಿಂದ 187ಕ್ಕೆ ಇಳಿಯುವುದು ಬೇರೆ. ಸೇರು ಬದಲಾದರೆ ಚೀಲದೊಳಗಿನ ಅಕ್ಕಿ ಬದಲಾಗುವುದಿಲ್ಲ. ಉಗ್ರಾಣ ನೋಡಿಕೊಳ್ಳುವ ನಮ್ಮ ಭಟ್ಟರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಹಣದ ಮಾತು. 2002ರ ರಾಷ್ಟ್ರೀಯ ಆರೋಗ್ಯ ನೀತಿಯು 2010ರೊಳಗೆ ರಾಷ್ಟ್ರೀಯ ಉತ್ಪನ್ನದಲ್ಲಿ ನೂರಕ್ಕೆ 2ರಷ್ಟನ್ನು ಸರಕಾರಗಳು ಆರೋಗ್ಯಕ್ಕೆ ಖರ್ಚು ಮಾಡಬೇಕೆಂದಿತು. 2017ರ ನೀತಿಯು 2025ರೊಳಗೆ ಎರಡೂವರೆ ಎಂದಿತು. 2021-22ರ ಲೆಕ್ಕದಲ್ಲಿ, ಕೋವಿಡ್ ಕಾಲದ ಖರ್ಚೂ ಸೇರಿ, ಅದು 1.84. 2010ರ ಗುರಿಯನ್ನೇ ನಾವಿನ್ನೂ ಮುಟ್ಟಿರಲಿಲ್ಲ! ರೋಗ ಇಳಿಸುವ ಗುರಿಗೆ ಫಲಕವುಂಟು, ಮೆರವಣಿಗೆಯುಂಟು. ಹಣ ಏರಿಸುವ ಗುರಿಗೆ ಫಲಕ ಹಿಡಿದವರನ್ನು ನಾವು ಕಂಡಿಲ್ಲ. ಎಣ್ಣೆಯಿಲ್ಲದೆ ಬತ್ತಿ ಎಷ್ಟು ಹೊತ್ತು ಉರಿದೀತು?

ಹೀಗಿದ್ದರೂ ಗುರಿಯೇ ಬೇಡವೆನ್ನುವವರ ಪಕ್ಷಕ್ಕೆ ನಾವು ಸೇರಲಾರೆವು. ಗುರಿ ಬರೆದಿಟ್ಟದ್ದರಿಂದಲೇ ಇಂದು ನಾವು ಲೆಕ್ಕ ಕೇಳಬಲ್ಲೆವು. ಒಂದು ವರ್ಷ ತುಂಬದೆ ಸಾಯುವ ಕೂಸುಗಳ ಸಂಖ್ಯೆಯನ್ನು 2000ದೊಳಗೆ ಸಾವಿರಕ್ಕೆ 60ಕ್ಕಿಂತ ಕೆಳಗಿಳಿಸಬೇಕೆಂದು 1983ರ ನೀತಿ ಹೇಳಿತ್ತು. 2000ದಲ್ಲಿ ಅದು 68 ಇತ್ತು. 2010ಕ್ಕೆ 30 ಎಂದು 2002ರ ನೀತಿ ಹೇಳಿತು. 2010ರಲ್ಲಿ 47 ಇತ್ತು. 2019ಕ್ಕೆ 28 ಎಂದು 2017ರ ನೀತಿ ಹೇಳಿತು. 2020ರಲ್ಲಿ 28 ಮುಟ್ಟಿತು. ಪ್ರತಿ ಸಲವೂ ತಡವಾಯಿತು, ಆದರೆ ಕೊನೆಯ ಸಲದ ತಡವು ಚಿಕ್ಕದಾಗಿತ್ತು. ಗುರಿಯಿಲ್ಲದಿದ್ದರೆ ತಡವಾದುದೂ ತಿಳಿಯುತ್ತಿರಲಿಲ್ಲ.

ಆದುದರಿಂದ, ಸರಕಾರವು ಕ್ಷಯಕ್ಕೆ ಹೊಸ ಗಡುವನ್ನು ಹೇಳುವಾಗ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನೂ ಹೇಳಬೇಕೆಂದು ನಾವು ಕೇಳುತ್ತೇವೆ. ಶಬ್ದದ ಅರ್ಥವೇನು, ಸೊನ್ನೆಯೋ ಸ್ವಲ್ಪವೋ? ಯಾವ ವರ್ಷದ ಯಾವ ಲೆಕ್ಕದಿಂದ ಅಳೆಯುತ್ತೀರಿ? ಎಷ್ಟು ಹಣ ಇಡುತ್ತೀರಿ? ಹಿಂದಿನ ಗಡುವು ಏಕೆ ತಪ್ಪಿತು, ಯಾರನ್ನು ಬಿಟ್ಟುಬಂದಿರಿ? ಈ ನಾಲ್ಕಕ್ಕೆ ಉತ್ತರವಿರುವ ಗುರಿ ಗುರಿ; ಉಳಿದುದು ಘೋಷಣೆ.

ನಮ್ಮ ಪಾಲಿನ ಕೆಲಸ

ಸರಕಾರವನ್ನು ಕೇಳಿದೊಡನೆ ನಮ್ಮ ಹೊಣೆ ತೀರಲಿಲ್ಲ. ಹೋಟೆಲಿನ ಮಾಳಿಗೆಗೆ ದಿಲ್ಲಿಯಿಂದ ಯಾರೂ ಏಣಿ ಹಾಕಿ ಹತ್ತಿ ಬರುವುದಿಲ್ಲ.

ಮೊದಲನೆಯದಾಗಿ ದುಡಿಯುವ ನಮ್ಮ ಬಂಧುಗಳಿಗೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ಕೆಮ್ಮಿನ ಸೀಸೆ ಕೊಳ್ಳಬೇಡಿ. ಮಹಾನಗರಪಾಲಿಕೆಯ ದವಾಖಾನೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿರಿ. ಪರೀಕ್ಷೆಗೂ ಮದ್ದಿಗೂ ಕಾಸಿಲ್ಲ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮದ್ದು. ಎರಡು ತಿಂಗಳಲ್ಲಿ ಮೈ ಹಗುರವಾಗುವುದು ಗುಣವಾದುದರ ಗುರುತಲ್ಲ, ಅಲ್ಲಿಯೇ ಮೋಸವಿರುವುದು. ಊರಿಗೆ ಹೋಗಲೇಬೇಕಾದರೆ ದವಾಖಾನೆಯವರಿಗೆ ಹೇಳಿ ಊರಿನ ಆರೋಗ್ಯ ಕೇಂದ್ರಕ್ಕೆ ಹೆಸರನ್ನು ವರ್ಗ ಮಾಡಿಸಿಕೊಳ್ಳಿರಿ. ರೋಗಿಯ ಊಟಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರದಿಂದ 1,000 ಮಾಡಿದ್ದಾರೆ. ಅದು ಭಿಕ್ಷೆಯಲ್ಲ, ಮದ್ದಿನ ಅರ್ಧ. ಝಾರ್ಖಂಡದಲ್ಲಿ ರೋಗಿಗಳ ಮನೆಯವರಿಗೆ ಒಳ್ಳೆಯ ಆಹಾರ ಕೊಟ್ಟು ನೋಡಿದಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಿಂದ 48ರಷ್ಟು ತಗ್ಗಿತೆಂದು 2023ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ನಾಡಿಗೆಲ್ಲ ಊಟ ಬಡಿಸುವವನೇ ಹಳಸಿದುದನ್ನು ತಿಂದು ಮಲಗಬಾರದು.

ಗಿರಣಿಗಳಲ್ಲಿ ದುಡಿದು ಬಂದ ಹಿರಿಯರಿಗೂ ಮಗ್ಗದ ಶೆಡ್ಡುಗಳಲ್ಲಿ ದುಡಿಯುವವರಿಗೂ ಇನ್ನೊಂದು ಮಾತು. ಹತ್ತಿಯ ಧೂಳಿನಿಂದ ಬರುವ ಎದೆಕಟ್ಟು ಬೇರೆ, ಕ್ಷಯ ಬೇರೆ. ಎರಡಕ್ಕೂ ಕೆಮ್ಮು ಒಂದೇ. ಇದು ಹಳೆಯ ಧೂಳಿನ ಕೆಮ್ಮೆಂದು ತಾವೇ ತೀರ್ಮಾನಿಸಿ ಸುಮ್ಮನಿರಬಾರದು.

ಎರಡನೆಯದಾಗಿ ಧನಿಗಳಿಗೆ. ಅವರಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ಟೇಬಲ್ ಒರಸಿಯೇ ಮೇಲೆ ಬಂದವರು. ಆ ಮಾಳಿಗೆಯಲ್ಲಿ ತಾವೂ ಮಲಗಿದವರು. ಅವರಿಗೆ ನಾವು ವೈರಿಗಳಾಗಿ ಹೇಳುತ್ತಿಲ್ಲ. ಮಲಗುವ ಜಾಗಕ್ಕೆ ಕಿಟಕಿ ಇಡಿಸಿರಿ, ತಲೆಗಳ ಎಣಿಕೆ ತಗ್ಗಿಸಿರಿ. ಮದ್ದು ಸುರುವಾದ ಮೇಲೆ ವೈದ್ಯರು ಒಪ್ಪಿದ ದಿನ ಆಳನ್ನು ಕೆಲಸಕ್ಕೆ ಹಿಂದಕ್ಕೆ ಕರೆಯಿರಿ. ರಾಜ್ಯ ವಿಮೆಯ ವ್ಯಾಪ್ತಿಗೆ ಬರುವ ಹೋಟೆಲುಗಳು ಎಲ್ಲರ ಹೆಸರನ್ನೂ ಬರೆಸಿರಿ. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ನೂರು ರೂಪಾಯಿ ಸಂಬಳಕ್ಕೆ ಆಳಿನ ಪಾಲು ಮುಕ್ಕಾಲು ರೂಪಾಯಿ, ಧನಿಯ ಪಾಲು ಮೂರೂಕಾಲು. ನಿಯಮದಂತೆ ಸಾಕಷ್ಟು ಕಾಲ ವಂತಿಗೆ ಕಟ್ಟಿದವನಿಗೆ ಕ್ಷಯ ಬಂದರೆ ಎರಡು ವರ್ಷದವರೆಗೆ ನೂರಕ್ಕೆ 80ರಷ್ಟು ಸಂಬಳ ವಿಮೆಯಿಂದ ದೊರೆಯುತ್ತದೆ. ಕಾಯಿಲೆಯ ಭತ್ಯೆ ಪಡೆಯುತ್ತಿರುವವನನ್ನು ಕೆಲಸದಿಂದ ತೆಗೆಯಕೂಡದೆಂದು 1948ರ ವಿಮೆ ಕಾಯಿದೆಯಲ್ಲಿಯೇ ಬರೆದಿತ್ತು. ಸಂಬಳ ಹೋಗುವುದಿಲ್ಲವೆಂದು ಗೊತ್ತಿದ್ದರೆ ಯಾವನೂ ಕೆಮ್ಮನ್ನು ಮುಚ್ಚಿಡುವುದಿಲ್ಲ.

ಮೂರನೆಯದಾಗಿ ಮಹಾನಗರಪಾಲಿಕೆಗೆ. ಹೋಟೆಲಿನವನಿಗೆ ಬಿಡುವು ಸಿಗುವುದು ಮಧ್ಯಾಹ್ನ ಮೂರರಿಂದ ಐದರವರೆಗೆ, ಇಲ್ಲವೆ ರಾತ್ರಿ. ಮದ್ದು ಕೊಡುವ ಕಿಟಕಿಯೂ ಆ ಹೊತ್ತಿಗೆ ತೆರೆದಿರಲಿ. ರೋಗಿಯ 'ಮನೆಯವರನ್ನು' ಪರೀಕ್ಷಿಸುವಾಗ, ಮನೆಯಿಲ್ಲದವನಿಗೆ ಮಾಳಿಗೆಯಲ್ಲಿ ಜೊತೆಗೆ ಮಲಗುವವರೇ ಮನೆಯವರೆಂದು ಎಣಿಸಲಿ.

ಕೊನೆಯದಾಗಿ ನಮ್ಮ ಸಂಘಕ್ಕೆ. ಇನ್ನು ಮುಂದೆ ಕ್ಷಯ ಬಂದ ಸದಸ್ಯನಿಗೆ ಬಸ್ಸಿನ ಖರ್ಚಿಗೆ ಚಂದಾ ಎತ್ತುವುದಿಲ್ಲ. ಆರು ತಿಂಗಳ ಊಟಕ್ಕೆ, ಬಾಡಿಗೆಗೆ ಎತ್ತುತ್ತೇವೆ. ಪ್ರತಿಯೊಬ್ಬ ರೋಗಿಗೆ ಸಂಘದ ಒಬ್ಬ ಜೊತೆಗಾರ. ಮದ್ದು ಮುಗಿಯುವವರೆಗೆ ವಾರಕ್ಕೊಮ್ಮೆ ಹೋಗಿ ನೋಡುವುದು ಅವನ ಕೆಲಸ. ರೋಗಿಯ ಹೆಸರು ಆ ಜೊತೆಗಾರನಿಗೂ ಕಾರ್ಯದರ್ಶಿಗೂ ಹೊರತು ಮೂರನೆಯವರಿಗೆ ತಿಳಿಯಕೂಡದು. ವರ್ಷದ ಕೊನೆಗೆ ಎಷ್ಟು ಮಂದಿ ಮದ್ದು ಹಿಡಿದರು, ಎಷ್ಟು ಮಂದಿ ಮುಗಿಸಿದರು ಎಂಬ ಎರಡೇ ಅಂಕಿಗಳನ್ನು ಈ ಪತ್ರಿಕೆಯಲ್ಲಿ ಅಚ್ಚುಮಾಡುತ್ತೇವೆ. ಎರಡೂ ಒಂದೇ ಆಗಬೇಕೆಂಬುದು ನಮ್ಮ ಗುರಿ. ಗಡುವು ಮುಂದಿನ ವಾರ್ಷಿಕ ಮಹಾಸಭೆ. ತಪ್ಪಿದರೆ ಏಕೆ ತಪ್ಪಿತೆಂಬುದನ್ನೂ ಇದೇ ಪುಟದಲ್ಲಿ ಬರೆಯುತ್ತೇವೆ. ಓದುಗ ಬಂಧುಗಳು ಆಗ ನಮ್ಮನ್ನು ಲೆಕ್ಕ ಕೇಳಬೇಕು.